ಕಟ್ಟಡ ಕೆಲಸ: ಲೇಬರ್ ಲೈಸೆನ್ಸ್ ಮತ್ತು ಸುರಕ್ಷತೆಯ ಹೊಸ ಕಾನೂನು – ಪದೇ ಪದೇ ಕೇಳುವ ಪ್ರಶ್ನೆಗಳು

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅಂದಿನಿಂದ ಮೇಸ್ತ್ರಿಗಳು, ಸಬ್ ಕಂಟ್ರಾಕ್ಟರ್‌ಗಳು, ಚಿಕ್ಕ ಬಿಲ್ಡರ್‌ಗಳು ಕೇಳುತ್ತಿರುವುದು ಹೆಚ್ಚೂ ಕಡಿಮೆ ಒಂದೇ ಮಾತು: “ಲೇಬರ್ ಲೈಸೆನ್ಸ್‌ಗೆ ಇದ್ದ 20 ಆಳಿನ ಮಿತಿ ಹೋಗಿ 50 ಆಯ್ತಂತೆ. ಇನ್ನು ನಮಗೆ ಯಾವ ಕಾಗದವೂ ಬೇಡ ಅಲ್ವಾ?” ಲೈಸೆನ್ಸ್ ಬೇಡದೇ ಇರಬಹುದು. ಆದರೆ ಸಾರ್ವೆಯಿಂದ (ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟುವ ಅಟ್ಟ) ಆಳು ಬಿದ್ದರೆ ಹೊಣೆ ಯಾರದ್ದು ಅನ್ನುವ ಪ್ರಶ್ನೆಗೆ ಹೊಸ ಕಾನೂನು ಮೊದಲಿಗಿಂತ ಗಟ್ಟಿಯಾಗಿ ಉತ್ತರ ಹೇಳುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಬದಲಾಗಿರುವುದು ಯಾವ ಕಾನೂನು?

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020. ಹೆಸರು ಉದ್ದ ಆಯ್ತು, ಇಲ್ಲಿ ಸುಮ್ನೆ ಸುರಕ್ಷತಾ ಸಂಹಿತೆ ಅನ್ನೋಣ. 13 ಹಳೆಯ ಕಾನೂನುಗಳನ್ನು ಇದರೊಳಗೆ ಸೇರಿಸಿದ್ದಾರೆ. ಕಟ್ಟಡದವರಿಗೆ ಮುಖ್ಯವಾದವು ಮೂರು: 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ. ಅದೇ 1996ರ ಸೆಸ್ (ಕಾರ್ಮಿಕರ ಕಲ್ಯಾಣಕ್ಕೆ ಕಟ್ಟಡದ ವೆಚ್ಚದ ಮೇಲೆ ಕಟ್ಟುವ ಹಣ) ಕಾಯ್ದೆ ಮಾತ್ರ ಇಲ್ಲಿಗೆ ಬಂದಿಲ್ಲ, ಸಾಮಾಜಿಕ ಭದ್ರತಾ ಸಂಹಿತೆಗೆ ಹೋಗಿದೆ. ಸೈಟಿನ ವಿಚಾರ ಒಂದು ಕಡೆ, ಸೆಸ್ ಮತ್ತು ಲೇಬರ್ ಕಾರ್ಡ್ (ಕಟ್ಟಡ ಕಾರ್ಮಿಕರು ಸೌಲಭ್ಯ ಪಡೆಯಲು ಮಾಡಿಸುವ ಗುರುತಿನ ಚೀಟಿ) ಇನ್ನೊಂದು ಕಡೆ. ಗೊಂದಲ ಶುರುವಾಗುವುದೇ ಇಲ್ಲಿಂದ.

ಹಾಗಾದರೆ ಹಳೆಯ ನಿಯಮಗಳೆಲ್ಲ ರದ್ದಾದವಾ?

ಇಲ್ಲ. ಹೊಸ ವ್ಯವಸ್ಥೆಗೆ ದಾಟುವ ಸಮಯದಲ್ಲಿ ಹಳೆಯ ನಿಯಮ, ಅಧಿಸೂಚನೆ, ಯೋಜನೆಗಳು ಮುಂದುವರಿಯುತ್ತವೆ ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಸಂಹಿತೆಗೆ ವಿರುದ್ಧವಾಗಿ ಇರಬಾರದು, ಅಷ್ಟೇ. ಅರ್ಜಿ ನಮೂನೆ, ಶುಲ್ಕ, ಠೇವಣಿ ಇವು ನಿಯಮಗಳಲ್ಲಿ ಬರುವ ವಿಷಯ. ಹಾಗಾಗಿ ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ “ಹೊಸ ಶುಲ್ಕ ಇಷ್ಟು” ಅಂತ ಕಳಿಸಿದ ಪಟ್ಟಿ ನೋಡಿ ದುಡ್ಡು ಕಟ್ಟಬೇಡಿ. ನಿಮ್ಮ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿಕೊಂಡು ಕಟ್ಟಿ.

20 ಹೋಗಿ 50 ಆಗಿದ್ದು ನಿಜವಾ?

ನಿಜ. 1970ರ ಕಾಯ್ದೆಯಲ್ಲಿ 20 ಗುತ್ತಿಗೆ ಕಾರ್ಮಿಕರಿದ್ದರೆ ಕಂಟ್ರಾಕ್ಟರ್‌ಗೆ ಲೈಸೆನ್ಸ್ ಬೇಕಿತ್ತು. ಈಗ 50. ಆದರೆ ಎಣಿಸುವ ರೀತಿಯನ್ನು ಸರಿಯಾಗಿ ಓದಿ: ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ 50 ಜನ ಇದ್ದರೂ ಕಾನೂನು ಅನ್ವಯ. ಸರಾಸರಿ ತೆಗೆಯುವ ಹಾಗಿಲ್ಲ.

ಕಟ್ಟಡದಲ್ಲಿ ಆ ‘ಒಂದು ದಿನ’ ಯಾವುದು ಅಂತ ಎಲ್ಲರಿಗೂ ಗೊತ್ತು. ಮೋಲ್ಡ್ ಹಾಕುವ ದಿನ, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ದಿನ. ಮೂರನೇ ಮಹಡಿಯ ಸ್ಲ್ಯಾಬ್ ಅಂದುಕೊಳ್ಳಿ. ಸೆಂಟ್ರಿಂಗ್‌ನವರು (ಕಾಂಕ್ರೀಟಿಗೆ ಅಚ್ಚು, ಆಸರೆ ಕಟ್ಟುವವರು), ಬಾರ್ ಬೆಂಡಿಂಗ್‌ನವರು, ಗಾರೆಯವರು ಸೇರಿ ದಿನನಿತ್ಯ 32 ಜನ. ಮೋಲ್ಡ್ ದಿನ ಬೆಳಗ್ಗೆ ಆರಕ್ಕೇ ಟೆಂಪೋ ತುಂಬ ಕಾಂಕ್ರೀಟ್ ಗ್ಯಾಂಗ್ ಬಂತು, ಇನ್ನೂ 20 ಜನ. ಮಿಕ್ಸರ್ ಹತ್ತಿರ ಆರು ಮಂದಿ, ಬಾಂಡ್ಲಿ ಸಾಲಿನಲ್ಲಿ ಹತ್ತು, ಮೇಲೆ ವೈಬ್ರೇಟರ್ ಹಿಡಿದವರು, ಮಟ್ಟ ಮಾಡುವವರು. ಸಂಜೆ ಚಹಾ ಕುಡಿದು ಬಟವಾಡೆ ಇಸ್ಕೊಂಡು ಹೊರಟೇ ಹೋದರು. ಹಾಜರಿ ಪುಸ್ತಕದಲ್ಲಿ ಆ ದಿನದ ಲೆಕ್ಕ 52. ಮರುದಿನ ಮತ್ತೆ 32 ಆದರೂ ಆ ಒಂದು ಪುಟ ಸಾಕು.

ಅಲ್ಪಸ್ವಲ್ಪ ದಿನದ ಬಿಡಿ ಕೆಲಸಕ್ಕೆ ವಿನಾಯಿತಿ ಇದೆ. ಆದರೆ ವರ್ಷದಲ್ಲಿ 120 ದಿನ ದಾಟಿದ ಕೆಲಸವನ್ನು ಬಿಡಿ ಕೆಲಸ ಅಂತ ಕಾನೂನು ಒಪ್ಪುವುದಿಲ್ಲ. ಮೂರು ಮಹಡಿ ಏಳುವ ಕಟ್ಟಡ 120 ದಿನದಲ್ಲಿ ಮುಗಿಯುತ್ತದಾ? ನೀವೇ ಹೇಳಿ.

ಕಾಂಕ್ರೀಟ್ ಗ್ಯಾಂಗ್ ಬೇರೆ ಮೇಸ್ತ್ರಿಯದು. ಆಗಲೂ ನನ್ನ ಲೆಕ್ಕಕ್ಕೆ ಬರುತ್ತದಾ?

ನಿಮ್ಮ ಕೈಕೆಳಗೆ, ನಿಮ್ಮ ದುಡ್ಡಿನಲ್ಲಿ ಬಂದವರು ನಿಮ್ಮ ಲೆಕ್ಕ. ಬಿಲ್ಡರ್ ನೇರವಾಗಿ ಇನ್ನೊಬ್ಬ ಮೇಸ್ತ್ರಿಯನ್ನು ಕರೆಸಿದ್ದರೆ ಅವರು ಆ ಮೇಸ್ತ್ರಿಯ ಲೆಕ್ಕ. ಬಿಲ್ಡರ್‌ಗೆ ಮಾತ್ರ ಎರಡೂ ಸೇರುತ್ತದೆ, ಯಾಕೆಂದರೆ ಇಡೀ ಸೈಟು ಅವರ ಸಂಸ್ಥೆ. “ನನ್ನದು ಒಂದೊಂದು ಸೈಟಿನಲ್ಲಿ 20 ಜನ, ಮೂರು ಸೈಟು” ಅನ್ನುವವರಿಗೆ ನನ್ನ ಸಲಹೆ: ಒಟ್ಟು 60 ಅಂತಲೇ ಎಣಿಸಿ.

ಜನರನ್ನು ಇಬ್ಬರ ಹೆಸರಿಗೆ ಹಂಚಿ 49, 49 ಮಾಡಿದರೆ?

ಹಿಂದೆ 19ಕ್ಕೆ ನಿಲ್ಲಿಸುತ್ತಿದ್ದರು, ಇನ್ನು 49ಕ್ಕೆ ನಿಲ್ಲಿಸುತ್ತಾರೆ. ತಮ್ಮನ ಹೆಸರಲ್ಲಿ ಅರ್ಧ, ಬಾಮೈದನ ಹೆಸರಲ್ಲಿ ಅರ್ಧ. ಹೀಗೆ ಮಾಡುವವರಿಗೆ ಬುದ್ಧಿ ಹೇಳುವ ಬದಲು ಲೆಕ್ಕ ಹೇಳುತ್ತೇನೆ. ಅಪಘಾತ ಆದಾಗ ಮೊದಲು ಕೇಳುವುದು ಹಾಜರಿ ಪುಸ್ತಕ ಮತ್ತು ಬ್ಯಾಂಕ್ ಖಾತೆ. ಕೂಲಿ ಒಂದೇ ಖಾತೆಯಿಂದ ಹೋಗಿದ್ದರೆ ಹೆಸರು ಎಷ್ಟಿದ್ದರೇನು? ಜೊತೆಗೆ ಕೆಳಗಿನ ಉತ್ತರವನ್ನೂ ಓದಿ. ಅದನ್ನು ಓದಿದ ಮೇಲೆ ಬಿಲ್ಡರ್‌ಗಳೇ ಇಂಥ ಹಂಚಿಕೆಗೆ ಒಪ್ಪುವುದು ಕಷ್ಟ.

ಲೈಸೆನ್ಸ್ ಬೇಕಿದ್ದೂ ಮೇಸ್ತ್ರಿ ತೆಗೆದುಕೊಂಡಿಲ್ಲ. ಬಿಲ್ಡರ್‌ಗೆ ಏನಾಗುತ್ತದೆ?

ಇದು ಇಡೀ ಸಂಹಿತೆಯಲ್ಲಿ ಬಿಲ್ಡರ್‌ಗಳು ಎರಡು ಸಲ ಓದಬೇಕಾದ ಸಾಲು. ಲೈಸೆನ್ಸ್ ಇರಬೇಕಾದ ಕಂಟ್ರಾಕ್ಟರ್ ಬಳಿ ಲೈಸೆನ್ಸ್ ಇಲ್ಲದಿದ್ದರೆ, ಅವನು ತಂದ ಕಾರ್ಮಿಕರೆಲ್ಲ ಮುಖ್ಯ ಮಾಲೀಕನ (ಇಲ್ಲಿ ಬಿಲ್ಡರ್‌ನ) ನೌಕರರು ಅಂತಲೇ ಪರಿಗಣಿಸಲಾಗುತ್ತದೆ. 54ನೇ ಸೆಕ್ಷನ್. “ಅವರು ಮೇಸ್ತ್ರಿ ಕಡೆಯವರು, ನನಗೆ ಸಂಬಂಧ ಇಲ್ಲ” ಅನ್ನುವ ಮಾತಿಗೆ ಆಮೇಲೆ ಬೆಲೆ ಇಲ್ಲ.

ಲೈಸೆನ್ಸ್ ಇದ್ದರೂ ಕೆಲವು ಹೊಣೆ ಬಿಲ್ಡರ್‌ದೇ. ಕುಡಿಯುವ ನೀರು, ಶೌಚಾಲಯ, ವಿಶ್ರಾಂತಿಗೆ ಜಾಗ, ಪ್ರಥಮ ಚಿಕಿತ್ಸೆ ಇಂಥ ಸೌಲಭ್ಯಗಳನ್ನು ಗುತ್ತಿಗೆ ಕಾರ್ಮಿಕರಿಗೆ ಕೊಡಬೇಕಾದ್ದು ಮುಖ್ಯ ಮಾಲೀಕ. ಹಳೆಯ ಕಾಯ್ದೆಯಲ್ಲಿ ಇದು ಮೊದಲು ಕಂಟ್ರಾಕ್ಟರ್ ತಲೆಗೆ ಬರುತ್ತಿತ್ತು, ಅವನು ಕೊಡದಿದ್ದರೆ ಮಾತ್ರ ಮಾಲೀಕನ ಸರದಿ. ಈಗ ನೇರವಾಗಿ ಮಾಲೀಕನಿಗೇ ಹಾಕಿದ್ದಾರೆ. ಕೂಲಿ ಕೊಡುವುದು ಕಂಟ್ರಾಕ್ಟರ್ ಕೆಲಸ. ಅವನು ಕೈಕೊಟ್ಟರೆ ಮಾಲೀಕ ಕೊಟ್ಟು, ಅವನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು.

ಲೈಸೆನ್ಸ್ ಎಷ್ಟು ವರ್ಷಕ್ಕೆ?

ಐದು ವರ್ಷಕ್ಕೆ. ಹಳೆಯ ಕಾಯ್ದೆಯ ಕೇಂದ್ರ ನಿಯಮದಲ್ಲಿ 12 ತಿಂಗಳಿಗೊಮ್ಮೆ ನವೀಕರಣದ ಓಡಾಟ ಇತ್ತು. ಇನ್ನೊಂದು ಅನುಕೂಲ: ಸೈಟಿಗೊಂದು ಲೈಸೆನ್ಸ್ ಬೇಕಿಲ್ಲ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಕೆಲಸ ಮಾಡುವವರು ಒಂದೇ ಲೈಸೆನ್ಸ್‌ನಲ್ಲಿ ಮಾಡಬಹುದು. ಹೊಸೂರಿನಲ್ಲೂ ಅತ್ತಿಬೆಲೆಯಲ್ಲೂ ಸೈಟ್ ಇಟ್ಟುಕೊಂಡವರಿಗೆ ಇದು ನಿಜಕ್ಕೂ ಒಳ್ಳೆಯದು. ಲೈಸೆನ್ಸ್‌ಗೆ ಬೇಕಾದ ಅರ್ಹತೆ ಪೂರ್ತಿ ಇಲ್ಲದವರಿಗೆ ಆ ಒಂದು ಕೆಲಸಕ್ಕೆ ಮಾತ್ರ ಲೈಸೆನ್ಸ್ ಕೊಡುವ ಅವಕಾಶವನ್ನೂ ಇಟ್ಟಿದ್ದಾರೆ. ಚಿಕ್ಕ ಮೇಸ್ತ್ರಿಗಳು ಬೆಳೆಯಲು ಅದೊಂದು ದಾರಿ.

ಲೈಸೆನ್ಸ್ ಇದ್ದವರು ಹೊಸ ವರ್ಕ್ ಆರ್ಡರ್ ಸಿಕ್ಕಾಗಲೆಲ್ಲ ಸರ್ಕಾರಕ್ಕೆ ತಿಳಿಸಬೇಕು. ಐದು ವರ್ಷದ ಕಾಗದ ಸಿಕ್ಕಿತು ಅಂತ ಗೋಡೆಗೆ ತೂಗು ಹಾಕಿ ಮರೆಯುವ ಹಾಗಿಲ್ಲ.

50ಕ್ಕಿಂತ ಕಡಿಮೆ ಇದ್ದರೆ ನೋಂದಣಿಯೂ ಬೇಡವಾ?

ಬೇಕು! ಎಡವುವುದು ಇಲ್ಲೇ. ಲೈಸೆನ್ಸ್ ಬೇರೆ, ನೋಂದಣಿ ಬೇರೆ. 10 ಜನ ಕಾರ್ಮಿಕರಿದ್ದ ತಕ್ಷಣ ಅದು ಕಾನೂನಿನ ಕಣ್ಣಿಗೆ ಸಂಸ್ಥೆ. ಸಂಹಿತೆ ಅನ್ವಯವಾದ 60 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ತಡವಾದರೆ ತಡದ ಶುಲ್ಕ ಕಟ್ಟಿ ಹಾಕಬಹುದು. ಹಾಕದೇ ಇದ್ದರೆ ಒಬ್ಬ ಆಳನ್ನೂ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ.

ಮೊದಲು ಕಟ್ಟಡ ಕಾಯ್ದೆಗೆ ಒಂದು, ಗುತ್ತಿಗೆ ಕಾಯ್ದೆಗೆ ಒಂದು, ವಲಸೆ ಕಾಯ್ದೆಗೆ ಇನ್ನೊಂದು ನೋಂದಣಿ ಇತ್ತು. ಈಗ ಒಂದೇ, ಅದೂ ಆನ್‌ಲೈನ್. ಗೊತ್ತುಪಡಿಸಿದ ಸಮಯದಲ್ಲಿ ಅಧಿಕಾರಿ ಕೊಡದಿದ್ದರೆ ನೋಂದಣಿ ಆಯಿತು ಎಂದೇ ಲೆಕ್ಕ. ಕೆಲಸ ಶುರು ಮಾಡುವಾಗ ಮತ್ತು ಮುಗಿಸುವಾಗ ನೋಟಿಸ್ ಕೊಡುವುದು ಹಾಗೆಯೇ ಇದೆ.

ಹಳೆಯ ಕಾಯ್ದೆಯಲ್ಲಿ ನೋಂದಣಿ ಮಾಡಿಸಿದ್ದೇವೆ. ಮತ್ತೆ ಮಾಡಿಸಬೇಕಾ?

ಬೇಡ. ಹಳೆಯ ನೋಂದಣಿಯನ್ನೇ ಹೊಸದರ ಕೆಳಗಿನ ನೋಂದಣಿ ಎಂದು ಒಪ್ಪುತ್ತಾರೆ. ಅದರ ವಿವರವನ್ನು ನೋಂದಣಿ ಅಧಿಕಾರಿಗೆ ಕೊಡಬೇಕು. ಹಳೆಯ ಸರ್ಟಿಫಿಕೇಟ್ ಎಲ್ಲಿದೆ ಅಂತ ಈಗಲೇ ಹುಡುಕಿಟ್ಟುಕೊಳ್ಳಿ. ಅರ್ಧ ಜನರ ಬಳಿ ಅದು ಆಡಿಟರ್ ಆಫೀಸಿನ ಯಾವುದೋ ಫೈಲಿನಲ್ಲಿರುತ್ತದೆ.

ಅರ್ಜಿ ರಾಜ್ಯಕ್ಕಾ, ಕೇಂದ್ರಕ್ಕಾ?

ಮನೆ, ಅಪಾರ್ಟ್‌ಮೆಂಟ್, ಶಾಲೆ, ಕಲ್ಯಾಣ ಮಂಟಪ ಇವೆಲ್ಲ ರಾಜ್ಯ ಕಾರ್ಮಿಕ ಇಲಾಖೆಗೆ. ರೈಲ್ವೆಯಂಥ ಕೇಂದ್ರದ ಕೆಲಸಗಳ ಗುತ್ತಿಗೆದಾರರು ಕೇಂದ್ರದ ಅಧಿಕಾರಿಗಳಿಗೆ.

ನನ್ನದೇ ಮನೆ ಕಟ್ಟಿಸುತ್ತಿದ್ದೇನೆ. ನನಗೂ ಇದೆಲ್ಲ ಇದೆಯಾ?

ಸ್ವಂತ ವಾಸಕ್ಕೆ ಮನೆ ಕಟ್ಟುವವರಿಗೆ ಮೊದಲು 10 ಲಕ್ಷ ರೂಪಾಯಿ ವೆಚ್ಚದವರೆಗೆ ಕಾಯ್ದೆಯಿಂದ ವಿನಾಯಿತಿ ಇತ್ತು. 1996ರಲ್ಲಿ 10 ಲಕ್ಷಕ್ಕೆ ಮನೆ ಆಗುತ್ತಿತ್ತು, ಈಗ ಅಷ್ಟಕ್ಕೆ ಪಾಯ ಏಳುತ್ತದೋ ಇಲ್ಲವೋ. ಸೆಸ್ ಇರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಮಿತಿಯನ್ನು 50 ಲಕ್ಷಕ್ಕೆ ಏರಿಸಿದ್ದಾರೆ. 10ಕ್ಕಿಂತ ಕಡಿಮೆ ಜನರಿಂದ ಮಾಡಿಸುವ ಕಟ್ಟಡ ಕೆಲಸಕ್ಕೂ ವಿನಾಯಿತಿ ಇದೆ. ಬಾಡಿಗೆಗೆ ಕೊಡಲು ನಾಲ್ಕು ಮಹಡಿ ಎಬ್ಬಿಸುವವರು ‘ಸ್ವಂತ ವಾಸ’ ಅನ್ನುವ ಹಾಗಿಲ್ಲ.

ವಿನಾಯಿತಿ ಇದೆ ಅಂದ ಮಾತ್ರಕ್ಕೆ ಆಸರೆ ಇಲ್ಲದ ಸೆಂಟ್ರಿಂಗ್ ನಿಲ್ಲುವುದಿಲ್ಲ, ಅಲ್ವಾ? ಸರ್ವೆ ಮರ ಕೊಟ್ಟಿದ್ದಾರೆ ಅಂದರೆ ಸಾಲದು. ಮೋಲ್ಡ್‌ಗೆ ಮುಂಚಿನ ಸಂಜೆ ಒಮ್ಮೆ ಕೆಳಗೆ ಹೋಗಿ ನೋಡಿ. ಮರದ ಬುಡದಲ್ಲಿ ಹಲಗೆ ಇದೆಯಾ, ಇಲ್ಲ ಸಡಿಲ ಮಣ್ಣಿನ ಮೇಲೆ ನಿಂತಿದೆಯಾ? ಗಿಡ್ಡ ಮರಕ್ಕೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿದ್ದಾರಾ? ಅಡ್ಡಪಟ್ಟಿ ಹೊಡೆದಿದ್ದಾರಾ? ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರೆ ಮೋಲ್ಡ್ ನಿಲ್ಲಿಸಿ. ಮೇಸ್ತ್ರಿ ಮುನಿಸಿಕೊಂಡರೂ ಪರವಾಗಿಲ್ಲ.

ಸುರಕ್ಷತಾ ಅಧಿಕಾರಿ ಯಾವಾಗ ಬೇಕು?

ಇಲ್ಲಿ ಸಂಖ್ಯೆ ಏರಿಲ್ಲ, ಇಳಿದಿದೆ. 1996ರ ಕಾಯ್ದೆಯಲ್ಲಿ 500 ಕಟ್ಟಡ ಕಾರ್ಮಿಕರಿದ್ದರೆ ಮಾತ್ರ ಸುರಕ್ಷತಾ ಅಧಿಕಾರಿ ಬೇಕಿತ್ತು. ಈಗ 250. ದೊಡ್ಡ ಕಾರ್ಖಾನೆಗಳಿಗೆ 500 ಅಂತ ಇಟ್ಟು ಕಟ್ಟಡಕ್ಕೆ 250 ಮಾಡಿದ್ದಾರೆ ಅಂದರೆ, ಕಟ್ಟಡವನ್ನು ಅಪಾಯದ ಕಾರ್ಖಾನೆಯ ಸಾಲಿಗೇ ಸೇರಿಸಿದಂತಾಯ್ತು. ಸರಿಯಾಗಿಯೇ ಇದೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ, 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಬ್‌ಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡಗಳೇ ಕುಸಿದು ಜನ ಸತ್ತರು.

ನನ್ನ ತಕರಾರು ಇರುವುದು ಬೇರೆ ಕಡೆ. ನಮ್ಮ ಊರುಗಳಲ್ಲಿ ಏಳುವ ಮೂರು ನಾಲ್ಕು ಮಹಡಿಯ ಕಟ್ಟಡಗಳಲ್ಲಿ 250 ಜನ ಯಾವತ್ತೂ ಇರುವುದಿಲ್ಲ. ಹತ್ತರಿಂದ ಐವತ್ತರ ನಡುವಿನ ಸೈಟಿಗೆ ಈಗ ಲೈಸೆನ್ಸ್ ಅಧಿಕಾರಿಯೂ ಬರುವುದಿಲ್ಲ, ಸುರಕ್ಷತಾ ಅಧಿಕಾರಿಯೂ ಇರುವುದಿಲ್ಲ. ಅಲ್ಲಿ ಹೊಣೆ ಇದೆ, ಕಣ್ಣಿಲ್ಲ. ಇಂಥ ಸೈಟ್ ನಡೆಸುವವರು ದಿನಾ ಬೆಳಗ್ಗೆ ಸಾರ್ವೆ, ಪಾಯದ ಗುಂಡಿ, ಕರೆಂಟ್ ವೈರು ನೋಡುವ ಕೆಲಸವನ್ನು ಒಬ್ಬ ಬುದ್ಧಿವಂತ ಸೂಪರ್‌ವೈಸರ್‌ಗೆ ಹೆಸರಿಟ್ಟು ವಹಿಸಿ. ಕಾನೂನು ಕೇಳದಿದ್ದರೂ ಮಾಡಿ.

ಸತ್ತರೆ ಅಥವಾ ಗಾಯವಾದರೆ ಶಿಕ್ಷೆ ಎಷ್ಟು?

ಮಾಲೀಕ ತನ್ನ ಕರ್ತವ್ಯ ಮಾಡದ ಕಾರಣಕ್ಕೆ ಸಾವು ಸಂಭವಿಸಿದರೆ 2 ವರ್ಷದವರೆಗೆ ಜೈಲು, ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ತೀವ್ರ ಗಾಯವಾದರೆ 1 ವರ್ಷದವರೆಗೆ ಜೈಲು, ಅಥವಾ 2ರಿಂದ 4 ಲಕ್ಷ ದಂಡ, ಅಥವಾ ಎರಡೂ. ದಂಡದ ಹಣದಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟನ್ನು ಗಾಯಾಳುವಿಗೆ ಅಥವಾ ಸತ್ತವರ ವಾರಸುದಾರರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಹಳೆಯ ಕಾಯ್ದೆಯಲ್ಲಿ ದಂಡ ಖಜಾನೆಗೆ ಹೋಗುತ್ತಿತ್ತು, ಮನೆಯವರು ನೋಡುತ್ತ ನಿಂತಿರುತ್ತಿದ್ದರು. ಇದೊಂದು ಬದಲಾವಣೆಯನ್ನು ಮನಸಾರೆ ಮೆಚ್ಚುತ್ತೇನೆ.

ಬೇರೆ ಶಿಕ್ಷೆ ಹೇಳಿರದ ಉಲ್ಲಂಘನೆಗಳಿಗೆ 2ರಿಂದ 3 ಲಕ್ಷ ದಂಡ. ಮೊದಲಿನ ಹಾಗೆ ಐನೂರು, ಸಾವಿರ ಕಟ್ಟಿ ಬರುವ ಕಾಲ ಹೋಯ್ತು.

ಈ ದಂಡವೇ ಪರಿಹಾರ ಅಂದುಕೊಳ್ಳಬೇಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲದ ಕಾರ್ಮಿಕರಿಗೆ ಅಪಘಾತ ಪರಿಹಾರ ಬೇರೆಯಾಗಿ ಕೊಡಬೇಕು. ಮನೆಯಿಂದ ಸೈಟಿಗೆ ಬರುವಾಗ, ಹೋಗುವಾಗ ಆದ ಅಪಘಾತ ಕೆಲಸಕ್ಕೆ ಸಂಬಂಧಪಟ್ಟಿದ್ದರೆ ಅದೂ ಈಗ ಲೆಕ್ಕಕ್ಕೆ ಬರುತ್ತದೆ. ಟೆಂಪೋದಲ್ಲಿ ಮೂವತ್ತು ಜನರನ್ನು ನಿಲ್ಲಿಸಿಕೊಂಡು ಬರುವ ಮೇಸ್ತ್ರಿಗಳು ಗಮನಿಸಿ.

ಮೇಸ್ತ್ರಿ ನನ್ನ ಕೂಲಿಯಲ್ಲಿ ದಿನಕ್ಕೆ ಇಷ್ಟು ಅಂತ ಹಿಡಿಯುತ್ತಾನೆ. ಅದು ಸರಿಯಾ?

ಸರಿಯಲ್ಲ. ಕಾರ್ಮಿಕನಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಶುಲ್ಕ, ಕಮಿಷನ್ ತೆಗೆದುಕೊಳ್ಳಬಾರದು ಅಂತ ಕಂಟ್ರಾಕ್ಟರ್‌ಗೆ ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಮೇಸ್ತ್ರಿ ತನ್ನ ಲಾಭವನ್ನು ಬಿಲ್ಡರ್ ಹತ್ತಿರ ದರ ಮಾತಾಡುವಾಗ ಪಡೆಯಬೇಕು, ಆಳಿನ ಬಟವಾಡೆಯಿಂದ ಅಲ್ಲ. ಕೊಟ್ಟ ಮುಂಗಡವನ್ನು ಹಿಡಿಯುವುದು ಬೇರೆ ವಿಷಯ. ಅದನ್ನೂ ಬರೆದಿಟ್ಟುಕೊಂಡು ಹಿಡಿಯಲಿ.

ಕಾರ್ಮಿಕರಿಗೆ ಇನ್ನೇನು ಹೊಸದು?

ನೇಮಕಾತಿ ಪತ್ರ ಕೊಡಬೇಕು. ದಿನಗೂಲಿಗೂ ಪತ್ರವಾ ಅಂತ ಕೇಳುವವರಿದ್ದಾರೆ. ಹೌದು, ಸಂಹಿತೆ ಎಲ್ಲ ನೌಕರರಿಗೂ ಅಂದಿದೆ. 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ. ಓವರ್‌ಟೈಮ್‌ಗೆ ಎರಡರಷ್ಟು ಕೂಲಿ. ಕೇಳಿದರೆ ಕಂಟ್ರಾಕ್ಟರ್ ಅನುಭವ ಪತ್ರ ಕೊಡಬೇಕು. ಇದನ್ನು ಯಾರೂ ಕೇಳುವುದಿಲ್ಲ, ಕೇಳಿ. ಬೇರೆ ಊರಿಗೆ ಹೋದಾಗ ‘ಹೆಲ್ಪರ್’ ಕೂಲಿಗೆ ಇಳಿಯದೆ ‘ಗಾರೆ’ ಕೂಲಿ ಕೇಳಲು ಒಂದು ಕಾಗದ ಇರುತ್ತದೆ.

ತಲೆಸುತ್ತು ಬರುವವರನ್ನು, ಕಣ್ಣು ಸರಿ ಕಾಣದವರನ್ನು, ಕಿವಿ ಕೇಳದವರನ್ನು ಅಪಾಯದ ಜಾಗದಲ್ಲಿ ಕೆಲಸಕ್ಕೆ ಹಾಕಬಾರದು. ಗೊತ್ತಿದ್ದೂ ಹಾಕಿದರೆ ತಪ್ಪು ನಿಮ್ಮದು. ಬಿಹಾರ, ಒಡಿಶಾ, ರಾಯಚೂರು, ಕಲಬುರಗಿ ಎಲ್ಲಿಂದಲೇ ಬಂದಿರಲಿ, ಮೊದಲ ದಿನ ಮೇಲೆ ಹತ್ತಿಸುವ ಮುಂಚೆ ಅವರ ಭಾಷೆಯಲ್ಲಿ ಒಂದು ಮಾತು ಕೇಳಿ.

ಲೇಬರ್ ಕಾರ್ಡ್ ಮತ್ತು ಸೆಸ್?

ಕಾರ್ಡ್ ವಿಷಯದಲ್ಲಿ ಮೂಲ ಷರತ್ತು ಅದೇ: ವಯಸ್ಸು 18ರಿಂದ 60ರೊಳಗೆ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ. ಆ 90 ದಿನಕ್ಕೆ ದಾಖಲೆ ಕೊಡುವಾಗ ಸುಳ್ಳು ಸಹಿ ಹಾಕಬೇಡಿ. ಕಟ್ಟಡ ಕೆಲಸವೇ ಮಾಡದವರು ಕಾರ್ಡ್ ಮಾಡಿಸಿಕೊಂಡಿದ್ದಕ್ಕೆ ಈಗ ನಿಜವಾದ ಗಾರೆಯವರು ಪರಿಶೀಲನೆಗೆ ಅಲೆಯುತ್ತಿದ್ದಾರೆ. ಸೆಸ್ ಕಾನೂನಿನಲ್ಲಿ ಶೇಕಡ 1ರಿಂದ 2ರವರೆಗೆ ಅಂತಿದೆ, ಕಟ್ಟುತ್ತಿರುವುದು ಶೇಕಡ 1. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. ಹೊಸದೇನೆಂದರೆ, ಸೆಸ್ ಎಷ್ಟು ಅನ್ನುವುದನ್ನು ಕಟ್ಟಿಸುವವರೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ತಂದಿದ್ದಾರೆ.

ಎಂಜಿನಿಯರ್, ಆರ್ಕಿಟೆಕ್ಟ್‌ಗಳಿಗೆ ಏನೂ ಇಲ್ಲವಾ?

ಇದೆ. ವಿನ್ಯಾಸ ಮಾಡುವಾಗಲೇ ಕಟ್ಟುವವರ ಸುರಕ್ಷತೆ ನೋಡಬೇಕು ಅನ್ನುವ ಕರ್ತವ್ಯವನ್ನು ಅವರಿಗೂ ಹೇಳಿದೆ.

ಎಲೆಕ್ಟ್ರಿಷಿಯನ್‌ಗಳ ಲೈಸೆನ್ಸ್ ಬದಲಾಯಿತಾ?

ಇಲ್ಲ. ವಿದ್ಯುತ್ ಗುತ್ತಿಗೆದಾರರ ಲೈಸೆನ್ಸ್, ವೈರ್‌ಮನ್ ಪರ್ಮಿಟ್ ವಿದ್ಯುತ್ ಕಾನೂನಿನ ಕೆಳಗೆ ಬರುತ್ತವೆ. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ನೋಡಿಕೊಳ್ಳುತ್ತದೆ. ಕಾರ್ಮಿಕ ಸಂಹಿತೆ ಅದನ್ನು ಮುಟ್ಟಿಲ್ಲ. ಆದರೆ ಅವರ ಹುಡುಗರು ನಿಮ್ಮ ಸೈಟಿನಲ್ಲಿದ್ದರೆ ತಲೆ ಎಣಿಕೆಗೆ ಬರುತ್ತಾರೆ.

ಆಸ್ಟ್ರೇಲಿಯಾದಲ್ಲಿ ಸಾರ್ವೆ ಕಟ್ಟುವವನಿಗೇ ಲೈಸೆನ್ಸ್ ಬೇಕಂತೆ. ನಮ್ಮಲ್ಲೂ ಹಾಗಾಗುತ್ತದಾ?

ಅಲ್ಲಿ ಹೌದು. 4 ಮೀಟರ್‌ಗಿಂತ ಹೆಚ್ಚು ಎತ್ತರದಿಂದ ಬೀಳಬಹುದಾದ ಸಾರ್ವೆ ಕಟ್ಟಲು ಆ ಕೆಲಸಗಾರನ ಹೆಸರಲ್ಲೇ ಲೈಸೆನ್ಸ್ ಬೇಕು, ಐದು ವರ್ಷಕ್ಕೊಮ್ಮೆ ನವೀಕರಣ. ಸೈಟಿಗೆ ಕಾಲಿಡುವ ಮುಂಚೆ ‘ವೈಟ್ ಕಾರ್ಡ್’ ತರಬೇತಿ ಬೇರೆ. ನಮ್ಮ ಸಂಹಿತೆ ಲೈಸೆನ್ಸ್ ಕೊಡುವುದು ಜನ ತರುವವನಿಗೆ, ಕೈಕೆಲಸ ಬಲ್ಲವನಿಗಲ್ಲ. ಐವತ್ತು ತಲೆ ಇದ್ದರೆ ಲೈಸೆನ್ಸ್ ಕೇಳುವ ಕಾನೂನು, ಹತ್ತನೇ ಮಹಡಿಯ ಸಾರ್ವೆ ಕಟ್ಟುವವನಿಗೆ ಕಟ್ಟಲು ಬರುತ್ತದಾ ಅಂತ ಕೇಳುವುದಿಲ್ಲ. ನನಗೆ ಇದು ಉಲ್ಟಾ ಅನಿಸುತ್ತದೆ. ಸಾರ್ವೆಗೆ ಐಎಸ್ 3696, ಗುಂಡಿ ತೋಡುವುದಕ್ಕೆ ಐಎಸ್ 3764, ಹೆಲ್ಮೆಟ್‌ಗೆ ಐಎಸ್ 2925 ಅಂತ ಮಾನದಂಡಗಳಿವೆ. ಹೆಲ್ಮೆಟ್ ಕೊಳ್ಳುವಾಗ ಆ ನಂಬರು ಮತ್ತು ಐಎಸ್‌ಐ ಗುರುತು ನೋಡಿ. ರಸ್ತೆ ಬದಿಯ ಹಳದಿ ಪ್ಲಾಸ್ಟಿಕ್ ಟೋಪಿ ಬಿಸಿಲಿಗೆ ಸರಿ, ಮೇಲಿಂದ ಬೀಳುವ ಕಂಬಿಗೆ ಅಲ್ಲ.

ಇನ್ಸ್‌ಪೆಕ್ಷನ್‌ಗೆ ಬಂದರೆ ಏನು ತೋರಿಸಬೇಕು?

ನೋಂದಣಿ ಸರ್ಟಿಫಿಕೇಟ್, ಬೇಕಿದ್ದರೆ ಲೈಸೆನ್ಸ್, ಹಾಜರಿ ಪುಸ್ತಕ, ಬಟವಾಡೆಯ ದಾಖಲೆ, ನೇಮಕಾತಿ ಪತ್ರದ ಪ್ರತಿ, ಅಪಘಾತ ಆಗಿದ್ದರೆ ಅದರ ನೋಟಿಸ್. ಮೊಬೈಲ್‌ನಲ್ಲಿದ್ದರೂ ನಡೆಯುತ್ತದೆ, ಆದರೆ ಸೈಟ್ ಶೆಡ್ಡಿನಲ್ಲಿ ಒಂದು ಫೈಲ್ ಇಟ್ಟುಬಿಡಿ. ಮೇಸ್ತ್ರಿ ಊರಿಗೆ ಹೋಗಿ ಫೋನ್ ಸ್ವಿಚ್ ಆಫ್ ಮಾಡಿದ ದಿನವೇ ಸಾಮಾನ್ಯವಾಗಿ ಅಧಿಕಾರಿ ಬರುತ್ತಾರೆ.